ಕಿತ್ತಳೆ ಟೋಪಿಯವರು: ಹೊವಾರ್ಡ್ ಡೀನ್ ಬೆಂಬಲಿಗರು ಕಂಡ 2004ರ ಪ್ರಚಾರ

2004ರ ಜನವರಿ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೂಳೆ ಕೊರೆಯುವ ಚಳಿ. ಸಂಜೆ ಹೊತ್ತಿಗೆ ಯಾರೋ ಬಾಗಿಲು ತಟ್ಟುತ್ತಾರೆ. ತೆಗೆದರೆ ಎದುರಿಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿ. ಅದರ ಕೆಳಗೆ ಚಳಿಗೆ ಕೆಂಪಾದ ಮೂಗು, ಕೈಯಲ್ಲಿ ಕರಪತ್ರ. ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳುತ್ತಿದ್ದ ಹೊವಾರ್ಡ್ ಡೀನ್ ಪರವಾಗಿ ಮಾತಾಡಲು ಬಂದವರು. ಯಾವೂರು ಅಂತ ಕೇಳಿದರೆ ಟೆಕ್ಸಾಸ್ ಅಂತಲೋ ನ್ಯೂಯಾರ್ಕ್ ಅಂತಲೋ ಉತ್ತರ.

ಇಂಥ ಕಿತ್ತಳೆ ಟೋಪಿಯವರು ಸುಮಾರು 3,500 ಜನ ಹೊರ ರಾಜ್ಯಗಳಿಂದ ಅಯೋವಾಕ್ಕೆ ಬಂದಿದ್ದರು. ಕೂಲಿಗೆ ಬಂದವರಲ್ಲ. ಆಫೀಸಿಗೆ ರಜೆ ಹಾಕಿ, ಕೈಯಿಂದ ದುಡ್ಡು ಹಾಕಿಕೊಂಡು ಬಂದವರು. ಪ್ರಚಾರದವರು ಈ ಕೆಲಸಕ್ಕೆ ‘ಪರ್ಫೆಕ್ಟ್ ಸ್ಟಾರ್ಮ್’ ಅಂತ ಹೆಸರಿಟ್ಟಿದ್ದರು. ಬಿರುಗಾಳಿಯೇನೋ ಬೀಸಿತು. ಆದರೆ ಹಾರಿಹೋಗಿದ್ದು ಇವರದೇ ಚಪ್ಪರ. ಜನವರಿ 19ರ ರಾತ್ರಿ ಪಕ್ಷದ ಟಿಕೆಟ್‌ಗಾಗಿ ಅಯೋವಾದಲ್ಲಿ ನಡೆದ ಎಣಿಕೆ ಮುಗಿದಾಗ ಎದುರಾಳಿಗಳಾದ ಜಾನ್ ಕೆರಿಗೆ 38%, ಜಾನ್ ಎಡ್ವರ್ಡ್ಸ್‌ಗೆ 32%, ಡೀನ್‌ಗೆ 18%. ಕೆಲವೇ ವಾರಗಳ ಹಿಂದೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಇವರಿಗೇ ಅಂತ ಪತ್ರಿಕೆಗಳೆಲ್ಲ ಬರೆಯುತ್ತಿದ್ದವು.

ಡೀನ್ ಯಾಕೆ ಸೋತರು ಅನ್ನುವ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಕುತೂಹಲ ಇರುವುದು ಬೇರೆ ಕಡೆ. ಇಷ್ಟೊಂದು ಜನ, ಓದಿದವರು, ಬುದ್ಧಿವಂತರು, ಒಂದು ವರ್ಷ ಮೈಮುರಿದು ದುಡಿದವರು, ಅವರಿಗೆ ಕೊನೆಯ ರಾತ್ರಿಯವರೆಗೂ ಸೋಲು ಕಾಣಲೇ ಇಲ್ಲ. ಅದು ಹೇಗೆ?

ಸಣ್ಣ ರಾಜ್ಯದ ಡಾಕ್ಟರು

ಡೀನ್ ವೃತ್ತಿಯಿಂದ ವೈದ್ಯರು. 1991ರಲ್ಲಿ ವರ್ಮಾಂಟ್ ರಾಜ್ಯದ ಗವರ್ನರ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಡೀನ್ ಆ ಕುರ್ಚಿಗೆ ಬಂದರು, 2003ರ ಜನವರಿವರೆಗೂ ಕೂತರು. ವರ್ಮಾಂಟ್ ಜನಸಂಖ್ಯೆ ಸುಮಾರು ಆರು ಲಕ್ಷ. ನಮ್ಮ ಕೊಡಗಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂಥ ಊರಿನಿಂದ ಬಂದವರು ಅಧ್ಯಕ್ಷರಾಗುತ್ತೇನೆ ಅಂದಾಗ ಪಕ್ಷದ ದೊಡ್ಡವರು ಸುಮ್ನೆ ನಕ್ಕಿದ್ದರೂ ಆಶ್ಚರ್ಯ ಇಲ್ಲ.

ಆದರೆ ಡೀನ್ ಒಂದು ಮಾತು ಹೇಳುತ್ತಿದ್ದರು. ಇರಾಕ್ ಯುದ್ಧ ತಪ್ಪು. 2002ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಒಪ್ಪಿಗೆ ಕೊಡುವ ನಿರ್ಣಯ ಬಂದಾಗ ಮುಂದೆ ಡೀನ್ ಎದುರು ಟಿಕೆಟ್‌ಗೆ ನಿಂತ ಕೆರಿ, ಎಡ್ವರ್ಡ್ಸ್, ಲೀಬರ್ಮನ್, ಗೆಪಾರ್ಟ್ ಎಲ್ಲರೂ ಪರವಾಗಿ ಕೈ ಎತ್ತಿದ್ದರು. ಎಲ್ಲರೂ ಡೆಮಾಕ್ರಟ್ಟರೇ. ತಮ್ಮದೇ ಪಕ್ಷದ ನಾಯಕರು ರಿಪಬ್ಲಿಕನ್ ಅಧ್ಯಕ್ಷ ಬುಷ್ ಹಿಂದೆ ಸಾಲಾಗಿ ನಿಂತಿದ್ದನ್ನು ನೋಡಿ ಒಳಗೊಳಗೇ ಕುದಿಯುತ್ತಿದ್ದ ಜನ ದೇಶದ ತುಂಬ ಇದ್ದರು. ‘ನಾನು ಡೆಮಾಕ್ರಟಿಕ್ ಪಕ್ಷದ ಡೆಮಾಕ್ರಟಿಕ್ ಬಣದಿಂದ ಬಂದವನು’ ಅಂತ ಡೀನ್ ಭಾಷಣ ಮಾಡಿದರೆ ಅವರಿಗೆ ಕೇಳಿಸುತ್ತಿದ್ದುದು ತಮ್ಮ ಹೊಟ್ಟೆಯುರಿಯ ದನಿ. (ಆ ಸಾಲು ಮೊದಲು ಹೇಳಿದ್ದು ಮಿನೆಸೋಟಾದ ಸೆನೆಟರ್ ಪಾಲ್ ವೆಲ್‌ಸ್ಟೋನ್. ಅವರು 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.) ಇವರ ಜೊತೆಗೆ ಸಲಿಂಗಿ ಸಮುದಾಯದವರೂ ಮೊದಲಿನಿಂದಲೇ ಸೇರಿಕೊಂಡರು. ಅವರ ಜೋಡಿಗಳಿಗೆ ಕಾನೂನಿನ ಮಾನ್ಯತೆ ಕೊಡುವ ಸಿವಿಲ್ ಯೂನಿಯನ್ ಮಸೂದೆಗೆ 2000ದಲ್ಲಿ ಸಹಿ ಹಾಕಿದ್ದು ಇದೇ ಡೀನ್.

ಜನ ಇದ್ದರು, ಸಿಟ್ಟೂ ಇತ್ತು. ಒಬ್ಬರಿಗೊಬ್ಬರು ಸಿಗಬೇಕಿತ್ತು ಅಷ್ಟೇ. ಸಿಕ್ಕಿದ್ದು ಮೀಟಪ್ ಅನ್ನುವ ಹೊಸ ಸೈಟಿನ ಮೂಲಕ. ಒಂದೇ ಊರಿನ, ಒಂದೇ ಆಸಕ್ತಿಯ ಅಪರಿಚಿತರು ತಿಂಗಳಿಗೊಮ್ಮೆ ಕಾಫಿ ಅಂಗಡಿಯಲ್ಲೋ ಬಾರಿನಲ್ಲೋ ಸೇರುವ ವ್ಯವಸ್ಥೆ ಅದು. 2003ರ ಶುರುವಿನಲ್ಲಿ ಡೀನ್ ಹೆಸರಲ್ಲಿ ನೋಂದಾಯಿಸಿಕೊಂಡವರು 432 ಜನ. ವರ್ಷ ತುಂಬುವಷ್ಟರಲ್ಲಿ ಅದು ಎರಡು ಲಕ್ಷದ ಹತ್ತಿರ ಹತ್ತಿರ ಬಂದಿತ್ತು. ಪ್ರಚಾರದ ಮ್ಯಾನೇಜರ್ ಜೋ ಟ್ರಿಪ್ಪಿ ಇದನ್ನು ಬೇಗ ಗಮನಿಸಿದರು. ಅವರ ಜಾಣತನ ಏನೆಂದರೆ, ತಡೆಯಲು ಹೋಗಲಿಲ್ಲ. ಬ್ಯಾನರ್ ಮಾಡ್ತೀರಾ, ಮಾಡಿ. ಹಾಡು ಬರೀತೀರಾ, ಬರೀರಿ. ಯಾರ ಅಪ್ಪಣೆಯೂ ಬೇಡ. ಭಾಷಣದ ಕೊನೆಗೆ ಡೀನ್ ಕೂಡ ‘ಶಕ್ತಿ ಇರುವುದು ನಿಮ್ಮ ಕೈಯಲ್ಲಿ’ ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳಿದವರು ಅದನ್ನು ಅಕ್ಷರಶಃ ನಂಬಿದರು.

ದುಡ್ಡು, ಸ್ಯಾಂಡ್‌ವಿಚ್, ಪತ್ರ

2003ರ ಜುಲೈ ಕೊನೆಯ ಒಂದು ದಿನ. ಉಪಾಧ್ಯಕ್ಷ ಡಿಕ್ ಚೇನಿ ದಕ್ಷಿಣ ಕೆರೊಲಿನಾದಲ್ಲಿ ನಿಧಿ ಸಂಗ್ರಹದ ಊಟ ಇಟ್ಟುಕೊಂಡಿದ್ದರು. ತಟ್ಟೆಗೆ 2,000 ಡಾಲರ್. ಡೀನ್ ಕಡೆಯವರು ಏನು ಮಾಡಿದರು ಗೊತ್ತಾ? ಡೀನ್‌ರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಕೈಗೆ ಒಂದು ಟರ್ಕಿ ಸ್ಯಾಂಡ್‌ವಿಚ್ ಕೊಟ್ಟು, ಆ ಫೋಟೋ ಹಾಕಿ ‘ಬನ್ನಿ, ಇವರ ಜೊತೆ ಊಟ ಮಾಡಿ’ ಅಂದರು. ಚೇನಿಯ ಊಟಕ್ಕೆ ಬಂದಿದ್ದಕ್ಕಿಂತ ಜಾಸ್ತಿ ದುಡ್ಡು ಸ್ಯಾಂಡ್‌ವಿಚ್ಚಿಗೆ ಬಂತು. ಐದು ಲಕ್ಷ ಡಾಲರ್ ದಾಟಿತು. ಕೊಟ್ಟವರು ಸಾವಿರಾರು ಜನ, ಒಬ್ಬೊಬ್ಬರದು ಸಣ್ಣ ಸಣ್ಣ ಮೊತ್ತ.

ವರ್ಷದ ಮೂರನೇ ತ್ರೈಮಾಸಿಕದಲ್ಲಿ 1.48 ಕೋಟಿ ಡಾಲರ್ ಸೇರಿತು. 1995ರಲ್ಲಿ ಬಿಲ್ ಕ್ಲಿಂಟನ್ ಮಾಡಿದ್ದ ಪಕ್ಷದ ದಾಖಲೆ ಮುರಿಯಿತು. ಸೈಟಿನಲ್ಲಿ ಬೇಸ್‌ಬಾಲ್ ಬ್ಯಾಟಿನ ಚಿತ್ರ ಹಾಕಿದ್ದರು. ದುಡ್ಡು ಬಂದ ಹಾಗೆ ಬ್ಯಾಟಿನಲ್ಲಿ ಕೆಂಪು ಬಣ್ಣ ಮೇಲೇರುತ್ತಿತ್ತು. ತಾನು ಹಾಕಿದ 20 ಡಾಲರ್ ಆ ಕೆಂಪನ್ನು ಕೂದಲೆಳೆಯಷ್ಟು ಮೇಲೆ ತಳ್ಳಿತು ಅಂತ ಕೂತಲ್ಲೇ ನೋಡಬಹುದಿತ್ತು. ಇದು ಸಣ್ಣ ವಿಷಯ ಅಲ್ಲ. ರಾಜಕೀಯಕ್ಕೆ ದುಡ್ಡು ಕೊಟ್ಟವರಿಗೆ ಅದು ಎಲ್ಲಿ ಹೋಯಿತು ಅಂತ ಯಾವತ್ತಾದರೂ ಕಂಡಿದೆಯಾ?

ನವೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸರ್ಕಾರದ ಚುನಾವಣಾ ನಿಧಿ ತೆಗೆದುಕೊಂಡರೆ ಖರ್ಚಿಗೆ ಮಿತಿ ಬೀಳುತ್ತದೆ. ಬುಷ್ ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಾವು ತೆಗೆದುಕೊಳ್ಳೋಣವಾ ಬೇಡವಾ? ಇದನ್ನು ಬೆಂಬಲಿಗರ ಮತಕ್ಕೇ ಬಿಟ್ಟರು. 85% ಜನ ಬೇಡ ಅಂದರು. ಬೇಡ ಅನ್ನುವುದರ ಅರ್ಥ, ಆ ದುಡ್ಡನ್ನು ನಾವೇ ತುಂಬಿಕೊಡುತ್ತೇವೆ ಅಂತ. ಹಾಗೆ ಹೇಳಿದವರಿಗೆ ಈ ಪ್ರಚಾರ ಡೀನ್‌ರದ್ದು ಅನ್ನಿಸುವ ಕಾಲ ಆಗಲೇ ಕಳೆದಿತ್ತು. ಅದು ಅವರದ್ದೇ ಆಗಿತ್ತು.

ಇನ್ನು ಪತ್ರಗಳ ವಿಷಯ. ಈ ಇಡೀ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ್ದೂ, ತುಂಬ ಯೋಚನೆಗೆ ಹಚ್ಚಿದ್ದೂ ಇದೇ.

ಮೀಟಪ್ ನಡೆಯುತ್ತಿದ್ದುದು ಪ್ರತಿ ತಿಂಗಳ ಮೊದಲನೇ ಬುಧವಾರ. 2003ರ ಬೇಸಿಗೆಯಲ್ಲಿ ಅಲ್ಲಿಗೆ ಬಂದವರಿಗೆಲ್ಲ ಅಯೋವಾದ ಮತದಾರರ ಹೆಸರು, ವಿಳಾಸ ಕೊಟ್ಟರು. ಅಚ್ಚು ಹಾಕಿದ ಪತ್ರ ಬೇಡ, ಕೈಯಲ್ಲೇ ಬರೆಯಿರಿ. ನೀವು ಯಾರು, ಡೀನ್ ಯಾಕೆ ಬೇಕು, ನಿಮ್ಮ ಮಾತಲ್ಲೇ ಹೇಳಿ. ಒಂದೇ ಸಂಜೆ 30,000ದಷ್ಟು ಪತ್ರ ಹೋದವು. ಒಂದು ಕಾಫಿ ಟೇಬಲ್ ಕಲ್ಪಿಸಿಕೊಳ್ಳಿ. ಸುತ್ತ ಆರೇಳು ಜನ, ಒಂದು ಗಂಟೆ ಹಿಂದೆ ಒಬ್ಬರಿಗೊಬ್ಬರು ಪರಿಚಯವೇ ಇರಲಿಲ್ಲ. ಎಲ್ಲರ ಮುಂದೂ ಹಾಳೆ. ಶಾಲೆ ಬಿಟ್ಟ ಮೇಲೆ ಕೈಯಲ್ಲಿ ಪತ್ರ ಬರೆದವರು ಕಡಿಮೆ. ಮೊದಲ ಸಾಲಿಗೇ ಪೆನ್ನು ನಿಲ್ಲುತ್ತದೆ. ನಾನು ಯಾರು? ಇವರು ಯಾಕೆ ಬೇಕು ನನಗೆ? ಕಾಣದ ಊರಿನ, ಕಾಣದ ಮನುಷ್ಯನಿಗೆ ಅದನ್ನು ಬಿಡಿಸಿ ಹೇಳುವಾಗ, ಬರೆಯುವವರಿಗೇ ತಮ್ಮ ಮನಸ್ಸು ಗಟ್ಟಿಯಾಗುತ್ತಾ ಹೋಗುತ್ತದೆ.

ಬರೆದವರಿಗೆ ಹೀಗೆ. ಓದಿದವರಿಗೆ? ಅಲ್ಲೇ ಇರುವುದು ತೊಡಕು. ಪತ್ರ ಬಂದ ಮನೆಯವರಿಗೆ ಅದು ಗುರುತಿಲ್ಲದ ಊರಿನ, ಗುರುತಿಲ್ಲದ ಹೆಸರಿನ ಒಂದು ಲಕೋಟೆ. ಪ್ರಚಾರದ ಕಚೇರಿಯಲ್ಲಿ ಎಷ್ಟು ಪತ್ರ ಹೋದವು ಅನ್ನುವುದಕ್ಕೆ ಲೆಕ್ಕ ಇತ್ತು. ಎಷ್ಟು ಮನಸ್ಸು ತಿರುಗಿತು ಅನ್ನುವುದಕ್ಕೆ ಲೆಕ್ಕ ಎಲ್ಲಿಂದ ಬರಬೇಕು? ಹೋದ ಪತ್ರ, ಬಂದ ದುಡ್ಡು, ಸೇರಿದ ಜನ, ಎಲ್ಲ ಲೆಕ್ಕವೂ ಏರುತ್ತಲೇ ಇತ್ತು. ಏರುವ ಲೆಕ್ಕ ನೋಡುತ್ತಾ ಕೂತವರಿಗೆ ಗೆಲ್ಲುತ್ತಿದ್ದೇವೆ ಅನ್ನಿಸದೆ ಇರುತ್ತಾ?

ಇವರು ಯಾರು

ಟಿವಿಯವರ ಪ್ರಕಾರ ಡೀನ್ ಬೆಂಬಲಿಗರು ಅಂದರೆ ಕಾಲೇಜು ಹುಡುಗರು, ಕಂಪ್ಯೂಟರ್ ಹುಚ್ಚಿನವರು. ‘ಡೀನಿಯಾಕ್’ ಅನ್ನುವ ಅಡ್ಡಹೆಸರೂ ಇತ್ತು. ಪ್ಯೂ ಸಂಶೋಧನಾ ಕೇಂದ್ರ ಇವರಲ್ಲಿ 11,000ಕ್ಕೂ ಜಾಸ್ತಿ ಜನರನ್ನು ಮಾತಾಡಿಸಿ 2005ರಲ್ಲಿ ವರದಿ ತಂದಾಗ ಬೇರೆಯೇ ಚಿತ್ರ ಸಿಕ್ಕಿತು. ಅಂದುಕೊಂಡಷ್ಟು ಎಳೆಯರೇನೂ ಆಗಿರಲಿಲ್ಲ. ನಡುವಯಸ್ಸಿನವರು ಬೇಕಾದಷ್ಟಿದ್ದರು. ಹತ್ತರಲ್ಲಿ ಎಂಟು ಜನ ಡಿಗ್ರಿ ಮುಗಿಸಿದವರು. ಬಹುಪಾಲು ಬಿಳಿಯರು. ಹತ್ತರಲ್ಲಿ ನಾಲ್ಕು ಜನಕ್ಕೆ ಇದೇ ಮೊದಲ ಪ್ರಚಾರ. ಅಲ್ಲಿಯವರೆಗೆ ವೋಟು ಹಾಕಿದ್ದರೇ ಹೊರತು ಯಾರ ಪರವಾಗಿಯೂ ಬೀದಿಗೆ ಇಳಿದಿರಲಿಲ್ಲ. ಯಾಕೆ ಬಂದಿರಿ ಅಂದರೆ ಹೆಚ್ಚಿನವರ ಬಾಯಲ್ಲಿ ಬಂದ ಉತ್ತರ ಇರಾಕ್.

ಅಯೋವಾದಲ್ಲಿ ಕ್ಲಬ್ ಫಾರ್ ಗ್ರೋತ್ ಅನ್ನುವ ಬಲಪಂಥೀಯ ಗುಂಪು ಒಂದು ಜಾಹೀರಾತು ಹಾಕಿಸಿತ್ತು. ವಯಸ್ಸಾದ ಗಂಡ ಹೆಂಡತಿ ಇಬ್ಬರೂ ಸೇರಿ ಡೀನ್ ಕಡೆಯವರನ್ನು ಒಂದೇ ಉಸಿರಿಗೆ ಬೈಯುತ್ತಾರೆ: ಲಾಟೆ ಕುಡಿಯುವವರು, ಸುಶಿ ತಿನ್ನುವವರು, ವೋಲ್ವೊ ಓಡಿಸುವವರು, ಎಲ್ಲ ಕಟ್ಟಿಕೊಂಡು ವರ್ಮಾಂಟ್‌ಗೆ ವಾಪಸ್ ಹೋಗಲಿ ಅಂತ. ತೀರಾ ಅನ್ಯಾಯದ ಜಾಹೀರಾತು. ಆದರೆ ಪ್ಯೂ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಬೈಗುಳ ಯಾಕೆ ಅಂಟಿಕೊಂಡಿತು ಅಂತ ಗೊತ್ತಾಗುತ್ತದೆ. ಕಿತ್ತಳೆ ಟೋಪಿ ಹಾಕಿಕೊಂಡು ಬಾಗಿಲಿಗೆ ಬಂದವರು ಆ ಊರಿನವರ ಹಾಗೆ ಮಾತಾಡುತ್ತಿರಲಿಲ್ಲ.

ಶಾಲೆಯ ಹಾಲ್‌ನಲ್ಲಿ

ಅಯೋವಾ ಕಾಕಸ್, ಅಂದರೆ ಪಕ್ಷದ ಟಿಕೆಟ್ ಯಾರಿಗೆ ಅಂತ ಊರವರೇ ಸೇರಿ ಹೇಳುವ ಸಭೆ, ಆಗ ನಡೆಯುತ್ತಿದ್ದ ರೀತಿ ಗೊತ್ತಿಲ್ಲದಿದ್ದರೆ ಈ ಸೋಲು ಅರ್ಥ ಆಗುವುದಿಲ್ಲ. ಡೆಮಾಕ್ರಟಿಕ್ ಕಾಕಸ್‌ನಲ್ಲಿ ಆಗ ಗುಪ್ತ ಮತದಾನ ಇರಲಿಲ್ಲ. ರಾಜ್ಯವನ್ನು 1,993 ಸಣ್ಣ ವಾರ್ಡುಗಳಾಗಿ ಹಂಚಿದ್ದರು. ನಿಗದಿ ಮಾಡಿದ ಸಂಜೆ ಆ ವಾರ್ಡಿನವರು ಶಾಲೆಯಲ್ಲೋ ಚರ್ಚಿನಲ್ಲೋ ಸೇರುತ್ತಿದ್ದರು. ಕೆರಿಯವರು ಈ ಮೂಲೆಗೆ, ಡೀನ್‌ನವರು ಆ ಮೂಲೆಗೆ ಅಂತ ಎಲ್ಲರೆದುರೇ ಹೋಗಿ ನಿಲ್ಲಬೇಕಿತ್ತು. ತಲೆ ಎಣಿಸುತ್ತಿದ್ದರು. ಸಾಮಾನ್ಯವಾಗಿ 15% ಮುಟ್ಟದ ಗುಂಪು ಒಡೆಯುತ್ತಿತ್ತು. ಅದರಲ್ಲಿದ್ದವರನ್ನು ತಮ್ಮ ಕಡೆ ಕರೆಯಲು ಉಳಿದವರೆಲ್ಲ ಮುಗಿಬೀಳುತ್ತಿದ್ದರು. ‘ಬಾ ಮಾರಾಯಾ, ನಮ್ಮ ಕಡೆ ಬಾ.’

ಕರೆಯುವವರು ಯಾರು? ಪಕ್ಕದ ಮನೆಯವರು, ಮಗಳ ಟೀಚರ್, ಚರ್ಚಿನಲ್ಲಿ ಪಕ್ಕದಲ್ಲಿ ಕೂರುವವರು. ಟೆಕ್ಸಾಸ್‌ನಿಂದ ಬಂದ ಕಿತ್ತಳೆ ಟೋಪಿಯವರಿಗೆ ಅಲ್ಲಿ ಬಾಯಿ ಇರಲಿಲ್ಲ. ಗೋಡೆಗೆ ಒರಗಿ ನೋಡಬಹುದಿತ್ತು, ಅಷ್ಟೇ. ಗ್ರಾಮಸಭೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರ ಭಾಷಣಕ್ಕಿಂತ ಪಕ್ಕದ ಮನೆಯ ಅಜ್ಜ ಯಾವ ಕಡೆ ನಿಂತರು ಅನ್ನುವುದಕ್ಕೇ ಅಲ್ಲಿ ತೂಕ.

ಕೆರಿ ಕಡೆಯವರು ಸದ್ದಿಲ್ಲದೆ ಇದನ್ನೇ ಮಾಡುತ್ತಿದ್ದರು. ಊರೂರಿನ ಮಾಜಿ ಸೈನಿಕರನ್ನು ಹಿಡಿದರು. ಕಾಕಸ್‌ಗೆ ಎರಡು ದಿನ ಮುಂಚೆ, 1969ರಲ್ಲಿ ವಿಯೆಟ್ನಾಂ ನದಿಯಲ್ಲಿ ಕೆರಿ ಎಳೆದು ಬದುಕಿಸಿದ್ದ ಯೋಧ ಜಿಮ್ ರಾಸ್‌ಮನ್ ಅಯೋವಾಕ್ಕೆ ಬಂದು ಅವರನ್ನು ತಬ್ಬಿಕೊಂಡರು. ಅದಕ್ಕೂ ಮುಂಚೆ ಡೀನ್, ಗೆಪಾರ್ಟ್ ಇಬ್ಬರೂ ಟಿವಿಯಲ್ಲಿ ಒಬ್ಬರಿಗೊಬ್ಬರು ಕೆಸರು ಎರಚಿಕೊಂಡು ಇಬ್ಬರ ಬಟ್ಟೆಯೂ ಕೊಳೆಯಾಗಿತ್ತು.

ಅವತ್ತು ಬಂದವರ ಸಂಖ್ಯೆ 2000ದಕ್ಕೆ ಹೋಲಿಸಿದರೆ ಎರಡರಷ್ಟು. ಹೊಸಬರನ್ನು ಕರೆತರುತ್ತೇವೆ ಅಂತ ಡೀನ್ ಬೆಂಬಲಿಗರು ವರ್ಷವಿಡೀ ಹೇಳಿದ್ದು ನಿಜವೇ ಆಯಿತು. ಹೊಸಬರು ಬಂದರು. ಬಂದು ಕೆರಿಯ ಮೂಲೆಗೆ ಹೋಗಿ ನಿಂತರು. ಬಾಗಿಲಲ್ಲಿ ಮಾಡಿದ ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಜನ ಯುದ್ಧ ತಪ್ಪು ಅಂದರು. ಅವರಲ್ಲೂ ಕೆರಿಯೇ ಮುಂದೆ, ಯುದ್ಧಕ್ಕೆ ಕೈ ಎತ್ತಿದ್ದ ಅದೇ ಕೆರಿ. ಅವರ ಲೆಕ್ಕ ಸರಳ: ಬುಷ್‌ನನ್ನು ಸೋಲಿಸುವವರು ಯಾರು? ಡೀನ್ ಬೆಂಬಲಿಗರು ನಾವು ಹೇಳುತ್ತಿರುವುದು ಸರಿ ಅಂತ ಒಪ್ಪಿಸಲು ಒಂದು ವರ್ಷ ಓಡಾಡಿದ್ದರು. ಎದುರಿಗಿದ್ದವರು ಅದನ್ನು ಆಗಲೇ ಒಪ್ಪಿದ್ದರು. ಅವರು ಕೇಳುತ್ತಿದ್ದುದು ಬೇರೆ ಪ್ರಶ್ನೆ.

ಒಂದು ಕೂಗು

ಆ ರಾತ್ರಿ ವೆಸ್ಟ್ ಡಿ ಮೊಯಿನ್‌ನ ವ್ಯಾಲ್ ಏರ್ ಬಾಲ್‌ರೂಮ್‌ನಲ್ಲಿ ಕಿತ್ತಳೆ ಟೋಪಿಯವರೆಲ್ಲ ಸೇರಿದ್ದರು. ಸುಸ್ತಾಗಿದ್ದರು, ಎಷ್ಟೋ ಜನ ಅತ್ತಿದ್ದರು. ಡೀನ್ ವೇದಿಕೆಗೆ ಬಂದು ಕೋಟು ತೆಗೆದರು, ತೋಳು ಮಡಚಿದರು. ಪಕ್ಕದಲ್ಲಿ ಅಯೋವಾದ ಸೆನೆಟರ್ ಟಾಮ್ ಹಾರ್ಕಿನ್. ಜನರಿಗೆ ಧೈರ್ಯ ತುಂಬಬೇಕಿತ್ತು. ನ್ಯೂ ಹ್ಯಾಂಪ್‌ಶೈರ್‌ಗೆ ಹೋಗೋಣ, ದಕ್ಷಿಣ ಕೆರೊಲಿನಾಕ್ಕೆ, ಒಕ್ಲಹೋಮಾಕ್ಕೆ ಅಂತ ಒಂದೊಂದೇ ರಾಜ್ಯದ ಹೆಸರು ಕೂಗುತ್ತಾ ಹೋದರು. ಹಾಲ್ ಕಿವುಡಾಗುವಷ್ಟು ಗದ್ದಲ. ಕೊನೆಗೆ ಕಟ್ಟಿದ ಗಂಟಲಿನಿಂದ ಒಂದು ‘ಯಾ!’

ಕೈಯಲ್ಲಿದ್ದ ಮೈಕು ಸುತ್ತಲಿನ ಸದ್ದನ್ನು ಬಿಟ್ಟು ಬಾಯಿಯ ದನಿಯನ್ನಷ್ಟೇ ಹಿಡಿಯುವಂಥದ್ದು. ಟಿವಿಗೆ ಹೋಗಿದ್ದು ಅದರ ಸದ್ದು. ಹಾಗಾಗಿ ಮನೆಯಲ್ಲಿ ಕೂತವರಿಗೆ ಕಂಡಿದ್ದು ಕಾರಣವೇ ಇಲ್ಲದೆ ಮುಖ ಕೆಂಪು ಮಾಡಿಕೊಂಡು ಕಿರುಚುವ ಒಬ್ಬ ಮನುಷ್ಯ. ನಾಲ್ಕು ದಿನದಲ್ಲಿ ಚಾನೆಲ್‌ಗಳು ಅದನ್ನು 633 ಸಲ ತೋರಿಸಿದವು ಅಂತ ಆಗ ಲೆಕ್ಕ ಹಾಕಿದ್ದರು. ಅವತ್ತು ಮಾರ್ಟಿನ್ ಲೂಥರ್ ಕಿಂಗ್ ದಿನ ಬೇರೆ. ಅವರ ‘ಕನಸಿನ’ ಭಾಷಣವನ್ನು ತಿರುಚಿ, ಇದು ‘ಕಿರುಚಾಟದ’ ಭಾಷಣ ಅಂತ ಆಡಿಕೊಂಡರು.

ಹಾಲ್‌ನಲ್ಲಿದ್ದ ಬೆಂಬಲಿಗರಿಗೆ ಇದು ದೊಡ್ಡ ಒಗಟು. ಮಾರನೇ ದಿನ ಟಿವಿ ನೋಡಿದ ಮೇಲೆಯೇ ಇಂಥದ್ದೊಂದು ನಡೆಯಿತು ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದು. ಜನರ ನಡುವೆ ನಿಂತು ತೆಗೆದ ವಿಡಿಯೊಗಳಲ್ಲಿ ಡೀನ್ ದನಿ ಗದ್ದಲದಲ್ಲಿ ಮುಳುಗಿಹೋಗಿದೆ. ಇವತ್ತಿಗೂ ಅವರಲ್ಲಿ ಬಹಳ ಜನರ ದೂರು ಒಂದೇ. ನಮ್ಮನ್ನು ಸೋಲಿಸಿದ್ದು ಟಿವಿ.

ಅವರ ಸಿಟ್ಟು ಸುಳ್ಳಲ್ಲ. ಆದರೆ ಗಡಿಯಾರ ನೋಡಿ. ಕೂಗಿದ್ದು ಮೂರನೇ ಸ್ಥಾನ ಬಂದ ಮೇಲೆ. 18% ಅನ್ನುವುದು ಆ ಕೂಗಿಗಿಂತ ಮೊದಲೇ ಬೋರ್ಡ್ ಮೇಲೆ ಇತ್ತು. ಟಿವಿಯವರು ಹಾಲ್‌ನ ಗದ್ದಲವನ್ನು ಅಳಿಸಿ ಒಬ್ಬರ ದನಿ ಕೇಳಿಸಿದರು. ಬೆಂಬಲಿಗರು ಒಂದು ವರ್ಷ ತಮ್ಮ ಹಾಲ್‌ನ ಗದ್ದಲವನ್ನಷ್ಟೇ ಕೇಳಿಸಿಕೊಂಡಿದ್ದರು. ನನಗಂತೂ ಎರಡನೆಯದೇ ದೊಡ್ಡ ಏಟು ಅನ್ನಿಸುತ್ತದೆ.

ಆಮೇಲೆ

ಮುಂದಿನದು ಬೇಗ ಮುಗಿಯಿತು. ಜನವರಿ 27ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎರಡನೇ ಸ್ಥಾನ. ಮಾರನೇ ದಿನ ಟ್ರಿಪ್ಪಿ ಹೊರಗೆ. ಖಜಾನೆ ತಳ ಕಾಣುತ್ತಿತ್ತು. ಎರಡು ವಾರ ಸಂಬಳ ಬಿಟ್ಟುಕೊಡಿ ಅಂತ ಸಿಬ್ಬಂದಿಯನ್ನು ಕೇಳಿದರು. ಸುಮಾರು ನಾಲ್ಕು ಕೋಟಿ ಡಾಲರ್ ಏನಾಯಿತು ಅಂತ ಬೆಂಬಲಿಗರು ಕೇಳತೊಡಗಿದರು. ಬಹಳಷ್ಟು ಹೋಗಿದ್ದು ಟಿವಿ ಜಾಹೀರಾತಿಗೆ. ಅಂದರೆ ಇಂಟರ್ನೆಟ್‌ನಲ್ಲಿ ಇಪ್ಪತ್ತು ಇಪ್ಪತ್ತು ಡಾಲರ್ ಕೂಡಿಸಿದ ದುಡ್ಡು ಕೊನೆಗೆ ಹಳೆಯ ದಾರಿಯಲ್ಲೇ ಖರ್ಚಾಯಿತು. ಫೆಬ್ರವರಿಯಲ್ಲಿ ಡೀನ್ ಈಮೇಲ್ ಬರೆದು, ವಿಸ್ಕಾನ್ಸಿನ್ ಗೆಲ್ಲಲೇಬೇಕು, ದುಡ್ಡು ಬೇಕು ಅಂದರು. ದುಡ್ಡು ಬಂತು. ವೋಟು ಬರಲಿಲ್ಲ. ಅಲ್ಲೂ ಮೂರನೇ ಸ್ಥಾನ. ಫೆಬ್ರವರಿ 18ರಂದು ಪ್ರಚಾರ ನಿಲ್ಲಿಸಿದರು.

ಇಷ್ಟಾದರೂ ಪ್ಯೂ ಸಮೀಕ್ಷೆಯಲ್ಲಿ ಬೆಂಬಲಿಗರ ಮಾತಿನಲ್ಲಿ ಪಶ್ಚಾತ್ತಾಪ ಕಾಣುವುದು ಕಡಿಮೆ. ಪಕ್ಷಕ್ಕೆ ಬೆನ್ನೆಲುಬು ಬಂದಿದ್ದು ನಮ್ಮಿಂದ ಅಂತಲೇ ಬಹುತೇಕರ ನಂಬಿಕೆ. ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಬಂದಾಗ ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ, ಪಕ್ಷದ ಟಿಕೆಟ್ ಗೆದ್ದಿದ್ದ ಕೆರಿಗೇ ವೋಟು ಹಾಕಿದರು. 2005ರ ಫೆಬ್ರವರಿಯಲ್ಲಿ ಡೀನ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾದಾಗ ಹಿಂದೆ ಇದೇ ಜನರ ಬಲ ಇತ್ತು. ಡೀನ್ ಪ್ರಚಾರದಲ್ಲಿ ಕೆಲಸ ಕಲಿತ ನಾಲ್ಕು ಜನ ಕಟ್ಟಿದ ಬ್ಲೂ ಸ್ಟೇಟ್ ಡಿಜಿಟಲ್ ಕಂಪನಿ 2008ರಲ್ಲಿ ಒಬಾಮಾ ಅವರ ಆನ್‌ಲೈನ್ ಪ್ರಚಾರಕ್ಕೆ ತಳಪಾಯ ಹಾಕಿತು. ಆ ಸಲ ಒಬಾಮಾ ಕಡೆಯ ಹುಡುಗ ಹುಡುಗಿಯರು ಕೊನೆ ಗಳಿಗೆಯಲ್ಲಿ ಬಂದಿಳಿಯಲಿಲ್ಲ. ತಿಂಗಳುಗಟ್ಟಲೆ ಅಯೋವಾದ ಊರುಗಳಲ್ಲೇ ಉಳಿದರು, ಅಲ್ಲಿಯವರನ್ನೇ ಮುಂದಾಳು ಮಾಡಿದರು. 2008ರ ಜನವರಿ 3ರಂದು ಅಯೋವಾ ಒಬಾಮಾ ಕಡೆ ನಿಂತಿತು.

ಒಂದು ವಿಷಯ ಬಿಟ್ಟುಹೋಯಿತು. ಕಣದಿಂದ ಹಿಂದೆ ಸರಿದ ಮೇಲೆ ಡೀನ್ ಒಂದು ರಾಜ್ಯ ಗೆದ್ದರು. 2004ರ ಮಾರ್ಚ್ 2, ಮಂಗಳವಾರ, ವರ್ಮಾಂಟ್. ಅಷ್ಟರಲ್ಲಿ ಸ್ಪರ್ಧೆಯೇ ಮುಗಿದಿತ್ತು, ಆದರೂ ಅಲ್ಲಿಯ ಜನ ಹೋಗಿ ತಮ್ಮ ಹಳೆಯ ಡಾಕ್ಟರಿಗೆ ವೋಟು ಹಾಕಿ ಬಂದರು. ಮಾರನೇ ದಿನ ತಿಂಗಳ ಮೊದಲನೇ ಬುಧವಾರ.